ಸೊಲ್ಲಾಪುರದಿಂದ ಬಂದ ಹಸಿರು ಸೀರೆ

ಹಳ್ಳಿ ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ತರುಣಿ ಈಚೆಗೆ ನಮ್ಮ ಮನೆಗೆ ಬಂದಿದ್ದಳು. "ಮೇಡಂ, ನಿಮ್ಮ ಕಾಲದಾಗ ತಂದೆ-ತಾಯಿನ್ನ ಹೆಂಗ ಒಪ್ಪಸ್ತಿದ್ರಿ?" ಎಂದು ಕೇಳಿದಳು. "ಚಹಾ ಕುಡಿದು" ಎಂದೆ. ಆಕೆ ನಕ್ಕಳು. ನಾನು ನಗಿಸಲೆಂದು ಹೇಳಿರಲಿಲ್ಲ. ಹೋದ ಮನೆಯಲ್ಲೆಲ್ಲ ಕೊಟ್ಟ ಚಹಾ ಕುಡಿದು, ಹಾಸಿದ ಕಂಬಳಿಯ ಮೇಲೆ ಕೂತು, ಅವರು ಸಾಕಾಗುವವರೆಗೆ ನನ್ನನ್ನು ವಿಚಾರಿಸಿ ಮುಗಿಸಲಿ ಎಂದು ಕಾಯುವುದೇ ನನ್ನ ಅರ್ಧ ನೌಕರಿಯಾಗಿತ್ತು. ನಿನಗೆ ಲಗ್ನವಾಗಿದೆಯೇ, ನಿಮ್ಮಪ್ಪ ಯಾರು, ಬಿಜಾಪುರದಲ್ಲಿ ಯಾವ ಗಲ್ಲಿ, ಒಬ್ಬಳೇ ಬಸ್ಸಿನಲ್ಲಿ ಬರಲು ಭಯವಾಗುವುದಿಲ್ಲವೇ. ನಾನು ಪ್ರಶ್ನೆ ಕೇಳಲು ಹೋದವಳು, ಉತ್ತರ ಹೇಳಿ ಬರುತ್ತಿದ್ದೆ. ಆ ತರುಣಿಗೆ ಅಂದು ಹೇಳಲು ಸಮಯ ಸಾಲಲಿಲ್ಲ. ಅವಳಂಥವರು ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಧೂಳೆಲ್ಲ ನನ್ನ ಸೀರೆಯ ಅಂಚಿನಲ್ಲಿತ್ತು. ನಮ್ಮದು ಪುಣೆ ಕಡೆಯ ಒಂದು ಸಣ್ಣ ಟ್ರಸ್ಟು. ಏಳನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕೂತ ಬಡವರ ಮನೆಯ ಹುಡುಗಿಯರನ್ನು ಹುಡುಕುವುದು, ಶಹರಿನ ಒಬ್ಬೊಬ್ಬ ದಾನಿಗೆ ಒಬ್ಬೊಬ್ಬಳ ಹೊಣೆ ಒಪ್ಪಿಸುವುದು, ಮ್ಯಾಟ್ರಿಕ್ ಆಗುವವರೆಗೆ ಅವಳ ಪುಸ್ತಕ, ಬಟ್ಟೆ, ಊಟ, ವಸತಿ ನೋಡಿಕೊಳ್ಳುವುದು ನಮ್ಮ ಕೆಲಸ. ಬಾಗೇವಾಡಿಯಲ್ಲಿ ಒಂದು ಕಾಳಿನ ಅಂಗಡಿಯ ಅಟ್ಟದ ಮೇಲೆ ನಮ್ಮ ಕಚೇರಿ. ಕೆಳಗೆ ತೊಗರಿ ಚೀಲ ಝಾಡಿಸಿದರೆ ಮೇಲೆ ನಾವು ಸೀನುತ್ತಿದ್ದೆವು.

ಕಚೇರಿಯ ಮುಖ್ಯಸ್ಥರು ದಾಮ್ಲೆ ಸಾಹೇಬರು. ಪುಣೆಯಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾಗಿ, ಮನೆಯಲ್ಲಿ ಕೂಡಲಾರದೆ ಇಲ್ಲಿಗೆ ಬಂದವರು. ಬಿಳಿ ಧೋತರ, ಕರಿ ಕೋಟು, ಬಿರುಬಿಸಿಲಲ್ಲೂ ಬಿಚ್ಚದ ಕೊಡೆ. ಕೊಡೆ ಯಾಕೆ ಬಿಚ್ಚುವುದಿಲ್ಲ ಎಂದು ಕೇಳಿದರೆ "ಅದು ನಾಯಿಗೆ" ಎನ್ನುತ್ತಿದ್ದರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಹಳ್ಳಿಯವರು ಅವರ ಮಾತನ್ನು ಪುರಾಣ ಕೇಳುವಷ್ಟೇ ಭಕ್ತಿಯಿಂದ ಕೇಳುತ್ತಿದ್ದರು, ಅಷ್ಟೇ ತಿಳಿದುಕೊಳ್ಳುತ್ತಿದ್ದರು. ನನ್ನ ಜೀವನದಲ್ಲಿ ಅಂಥ ಶಿಸ್ತಿನ ಮನುಷ್ಯನನ್ನು ನಾನು ಕಂಡಿಲ್ಲ, ಅಂಥ ದೊಡ್ಡ ಮನಸ್ಸಿನವರನ್ನೂ ಕಂಡಿಲ್ಲ. ಅವರು ತಲೆ ತಿನ್ನುತ್ತಿದ್ದರೆಂದು ಆಗ ಗೊಣಗುತ್ತಿದ್ದೆ. ಇಂದು ಅವರನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಕಷ್ಟದ ಕಥೆಗಳನ್ನೇ ಹೇಳಿ ಹೊಸಬರನ್ನು ಹೆದರಿಸುವುದು ನನಗೆ ಸೇರುವುದಿಲ್ಲ. ನಮಗೆ ಒಳ್ಳೆಯವರು ಬಹಳ ಸಿಕ್ಕರು. ಸಿಂದಗಿಯ ರಾಜೇಸಾಬರು ತಮ್ಮ ಟಾಂಗಾದಲ್ಲಿ ಹಳ್ಳಿಯ ನಾಲ್ಕಾರು ಹುಡುಗಿಯರನ್ನು ಹೈಸ್ಕೂಲಿಗೆ ಕರೆತರುತ್ತಿದ್ದರು. ಹಿರಿಯರ ಮಾತಿಗೆ ಕಟ್ಟುಬಿದ್ದು ಟಾಂಗಾದ ಸುತ್ತ ಪರದೆ ಕಟ್ಟಿದ್ದರು. ಊರಿನ ಅಗಸಿಬಾಗಿಲು ದಾಟಿದೊಡನೆ ಹುಡುಗಿಯರು ಪರದೆ ಸುತ್ತಿಟ್ಟು ಗಾಳಿಗೆ ಮುಖ ಒಡ್ಡಿ ಹಾಡು ಹೇಳುತ್ತ ಹೋಗುತ್ತಿದ್ದರು. ರಾಜೇಸಾಬರು ಮಾತ್ರ ಎಂದೂ ಹಿಂದೆ ತಿರುಗಿ ನೋಡಿದವರಲ್ಲ. "ನನ್ನ ಕೆಲಸ ಕುದುರಿ ನೋಡೂದರಿ" ಎನ್ನುತ್ತಿದ್ದರು. ಈ ಕೆಲಸ ಮಾಡುವವರಿಗೆ ಅಂಥ ಒಬ್ಬ ಟಾಂಗಾವಾಲಾ ಸಿಕ್ಕರೆ ಅರ್ಧ ಭಾರ ಇಳಿದಂತೆ.

ನಮ್ಮನ್ನು ಫಜೀತಿಗೆ ಹಚ್ಚಿದ್ದು ನಮ್ಮದೇ ಪದ್ಧತಿಗಳು. ಹುಡುಗಿಯ ಒಂದು ಫೋಟೋ ತೆಗೆದು ದಾನಿಗೆ ಕಳಿಸಬೇಕು ಎಂಬುದು ಪುಣೆಯ ನಿಯಮ. ದಾಮ್ಲೆ ಸಾಹೇಬರ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ತಲೆ ಎತ್ತಿಸಿ, ತಾವೇ ತೆಗೆಯುತ್ತಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಆಗ ಹುಡುಗಿಯ ಫೋಟೋ ತೆಗೆಯುವುದು ಒಂದೇ ಕಾರಣಕ್ಕೆ. ಇಂಡಿಯ ಹತ್ತಿರದ ಒಂದು ಊರಲ್ಲಿ ಫೋಟೋ ತೆಗೆದು ಮುಗಿಸಿದ ಮೇಲೆ ಹುಡುಗಿಯ ತಂದೆ ನನ್ನನ್ನು ಬದಿಗೆ ಕರೆದು "ಹುಡುಗ ಯಾವ ಊರಾಂವ್ರಿ ಅಕ್ಕಾರ? ಹೊಲಾ ಎಷ್ಟೈತಿ?" ಎಂದು ಕೇಳಿದ್ದ. ನಾನು ಸಾಹೇಬರಿಗೆ ಹೇಳಿದೆ. ಅವರು ಕ್ಯಾಮೆರಾದ ಧೂಳು ಒರೆಸುತ್ತ "ಸುಮಿತ್ರಾಬಾಯಿ, ಅಜ್ಞಾನ ಹೋಗಲಿಕ್ಕೆ ಸಮಯ ಬೇಕು" ಎಂದರು. ಹುಡುಗಿಯ ಫೋಟೋ ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಂದ ದಾನಿಯ ಹೆಸರು ಕೂಡ ಬರುತ್ತಿರಲಿಲ್ಲ. ದಾನಿ ಯಾರೆಂದು ಮನೆಯವರಿಗೆ ಹೇಳಬಾರದು, ದಾನಿ ಹುಡುಗಿಯನ್ನು ಭೇಟಿಯಾಗಬಾರದು. ಇವೂ ನಿಯಮಗಳೇ.

ಇನ್ನು ರೇಣವ್ವನ ವಿಷಯ. ಕೃಷ್ಣಾ ನದಿಯ ದಂಡೆಯಲ್ಲಿ, ತಂಗಡಗಿಯ ಆಚೆ, ಮುದ್ದೇಬಿಹಾಳ ತಾಲ್ಲೂಕಿನದೇ ಒಂದು ಹಳ್ಳಿ. ಹೆಸರು ಬೇಡ, ಅವರ ಮಂದಿ ಇನ್ನೂ ಅಲ್ಲಿದ್ದಾರೆ. ರೇಣವ್ವ ಏಳನೆಯ ಇಯತ್ತೆಯಲ್ಲಿ ಊರಿಗೇ ಮೊದಲಿಗಳಾಗಿ ಪಾಸಾಗಿದ್ದಳು. ತಂದೆ ಹಣಮಪ್ಪ ಸ್ವಲ್ಪ ಹೊಲ ಮತ್ತು ಎರಡು ಎಮ್ಮೆಯ ಮನುಷ್ಯ, ಮಾತು ಕಡಿಮೆ, ಮೀಸೆ ಜಾಸ್ತಿ. ತಾಯಿ ಸತ್ಯವ್ವ. ಮನೆಯ ಯಜಮಾನಿಕೆ ಮಾತ್ರ ಹಣಮಪ್ಪನ ತಾಯಿ ಯಲ್ಲವ್ವನದು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಒಪ್ಪಿಸಲು ನಾನು ಆ ಮನೆಗೆ ಎಷ್ಟು ಸಲ ಹೋದೆನೋ. ಹಣಮಪ್ಪನದು ಒಂದೇ ಮಾತು:

"ಹೆಣ್ಣಿನ ಹೆಸರಿಲೆ ಮಂದಿ ರೊಕ್ಕಾ ನಾ ಮುಟ್ಟಂಗಿಲ್ಲರಿ ಅಕ್ಕಾರ. ಮಗಳನ್ನ ಮಾರಿದಂಗ ಆಕ್ಕೈತಿ."

ನಮ್ಮ ಕಡೆ ಮಗಳ ಮೇಲೆ ಹಣ ತೆಗೆದುಕೊಂಡರೆ ತೆರ ತೆಗೆದುಕೊಂಡ ಎನ್ನುತ್ತಾರೆ. ಆ ಹೆಸರು ಬಂದ ಮನೆಯವರು ತಲೆ ಎತ್ತಿ ತಿರುಗುವಂತಿಲ್ಲ. ಹಣ ನಿನ್ನ ಕೈಗೆ ಬರುವುದಿಲ್ಲ, ನೇರ ಶಾಲೆಗೆ ಹೋಗುತ್ತದೆ ಎಂದು ನಾನು ಹೇಳಿ ಹೇಳಿ ಗಂಟಲು ಒಣಗಿತು. ಕಡೆಗೆ ಆಯಿ ಒಂದು ದಿನ "ಹ್ವಾಗ್ಲಿ ಬಿಡೋ, ಹುಡುಗಿ ಕಲೀಲಿ. ಮನ್ಯಾಗಿದ್ದರ ಬರೇ ಸಗಣಿ ಬಳೀತಾಳ" ಎಂದಳು. ಆಯಿಯ ಮಾತಿಗೆ ಎದುರಿರಲಿಲ್ಲ. ಮುದ್ದೇಬಿಹಾಳದಲ್ಲಿ ಟ್ರಸ್ಟು ಹುಡುಗಿಯರಿಗಾಗಿ ಹಿಡಿದ ಬಾಡಿಗೆ ಮನೆಯಲ್ಲಿ ರೇಣವ್ವನಿಗೂ ಒಂದು ಜಾಗ ಇಟ್ಟೆವು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಿತ್ತು.

ಆಗ ಪಾರ್ಸೆಲ್ಲು ಬಂತು. ರೇಣವ್ವನ ದಾನಿ ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಎಂಬುದು ನಮ್ಮ ಕಚೇರಿಗೆ ಮಾತ್ರ ಗೊತ್ತು. ಹುಡುಗಿ ಹೈಸ್ಕೂಲಿಗೆ ಹೋಗುತ್ತಾಳೆಂದು ಪ್ರೀತಿಯಿಂದ ಏನೋ ಕಳಿಸಿದ್ದರು. ದಾಮ್ಲೆ ಸಾಹೇಬರಿಗೆ ಆನಂದವೋ ಆನಂದ. ಇಂಥದನ್ನು ಮುಚ್ಚಿ ಕೊಡಬಾರದು, ಊರ ಹಿರಿಯರ ಮುಂದೆ ಕೊಡಬೇಕು, ಉಳಿದವರಿಗೂ ಹುಮ್ಮಸ್ಸು ಬರುತ್ತದೆ ಎಂದು ಪಾರ್ಸೆಲ್ಲಿನ ಅರಗು ಒಡೆಯದೆ ಹಾಗೇ ಹಿಡಿದುಕೊಂಡು ಹೊರಟರು. ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಗೌಡರು, ಹಿರಿಯರು ಕೂತರು. ಸಾಹೇಬರು ರೇಣವ್ವನನ್ನು ಮುಂದೆ ಕರೆದು, ಸೊಲ್ಲಾಪುರದ ಟಪಾಲು ಮುದ್ರೆ ಇದ್ದ ಪಾರ್ಸೆಲ್ಲಿನ ದಾರವನ್ನು ಎಲ್ಲರೆದುರಿಗೆ ಕತ್ತರಿಸಿದರು.

ಒಳಗಿಂದ ಹಸಿರು ಸೀರೆ ಹೊರಬಂತು. ಅದರ ಮೇಲೆ ಕುಪ್ಪಸದ ಖಣ. ಹಸಿರು ಬಳೆಯ ಪೊಟ್ಟಣ. ಒಂದು ತೆಂಗಿನಕಾಯಿ. ಒಂದು ಡಬ್ಬಿ ಪೇಢೆ.

ಓದುಗರಲ್ಲಿ ನಮ್ಮ ಕಡೆಯವರು ಇದ್ದರೆ ಅವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಫೋಟೋ ನೋಡಿ ಒಪ್ಪಿ, ಹಿರಿಯರ ಮುಂದೆ ಹಸಿರು ಸೀರೆ, ಬಳೆ, ಕಾಯಿ ಕೊಟ್ಟು ಸಿಹಿ ಹಂಚಿದರೆ ಅದಕ್ಕೆ ನಿಶ್ಚಯ ಎನ್ನುತ್ತಾರೆ. "ಸಾಹೇಬರ, ಒಂದ್ ಮಾತು..." ಎಂದು ನಾನು ಮುಂದೆ ಹೋದೆ. ಅವರು "ನಿಲ್ಲಿ ನಿಲ್ಲಿ" ಎಂದು ಕೈ ಮಾಡಿ, ಸೀರೆಯನ್ನು ಹುಡುಗಿಯ ಕೈಯಲ್ಲಿಟ್ಟು, ಪೇಢೆಯ ಡಬ್ಬಿಯನ್ನು ಗೌಡರ ಮುಂದೆ ಹಿಡಿದಿದ್ದರು. ಗೌಡರು ಒಂದು ತೆಗೆದು ಬಾಯಿಗೆ ಹಾಕಿಕೊಂಡೂ ಬಿಟ್ಟರು.

ಕಟ್ಟೆಯ ಮೇಲೆ ಗುಜುಗುಜು ಶುರುವಾಯಿತು. ಹಣಮಪ್ಪನ ಮುಖ ಕಪ್ಪಿಟ್ಟಿತು. ಒಬ್ಬ ಹಿರಿಯ ಎದ್ದು ನೇರವಾಗಿ ಕೇಳಿದ: "ಸಾಹೇಬ್ರ, ಇದನ್ನ ಕಳಿಸಿದಾಂವ ಹುಡುಗಿಗಿ ಏನಾಗಬೇಕ್ರಿ?"

ಏನೋ ಸಂಶಯ ಬಂದಿದೆ ಎಂಬಷ್ಟು ಸಾಹೇಬರಿಗೆ ತಿಳಿಯಿತು. ಅದನ್ನು ತೊಡೆದುಹಾಕಬೇಕೆಂದು ತುಂಬು ಮನಸ್ಸಿನಿಂದ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: "ಯಾರೂ ಬೇರೆ ತಿಳಿಯಬಾರದು. ಈ ಸಜ್ಜನರು ರೇಣುಕೆಗೆ ಸ್ವಂತ ಸೋದರಮಾವ ಇದ್ದ ಹಾಗೆ!"

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸಾಹೇಬರ ಪುಣೆಯ ಕಡೆ, ಅವರ ಮನೆತನಗಳಲ್ಲಿ, ಸೋದರಮಾವ ತಂದೆಗೆ ಸಮಾನ. ಅಕ್ಕನ ಮಗಳನ್ನು ಮದುವೆಯಾಗುವ ಮಾತು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಕಡೆ ಹುಡುಗಿಯ ಮೇಲೆ ಮೊದಲ ಹಕ್ಕು ಸೋದರಮಾವನದೇ. ಇಡೀ ಸಂಬಂಧಗಳಲ್ಲಿ ಬೇರೆ ಯಾವುದನ್ನು ಹೇಳಿದ್ದರೂ ನಡೆಯುತ್ತಿತ್ತು. ಸಾಹೇಬರು ಆರಿಸಿ ಆರಿಸಿ ಆ ಒಂದನ್ನೇ ಹೇಳಿದ್ದರು. ಕಟ್ಟೆಯಿಂದ ಇಳಿಯುವಾಗ ಅವರು ನನಗೆ "ನೋಡಿದಿರಾ, ಹೇಗೆ ಎಲ್ಲರೂ ಶಾಂತರಾದರು" ಎಂದರು.

ಎಲ್ಲರೂ ಶಾಂತರಾಗಿದ್ದರು ನಿಜ. ಶಾಂತನಾಗದವನು ರೇಣವ್ವನ ಖರೇ ಸೋದರಮಾವ ಬಾಳಪ್ಪ. ಸತ್ಯವ್ವನ ತಮ್ಮ. ಸಿಂದಗಿ ಕಡೆಯ ಊರಲ್ಲಿದ್ದ ಹರೆಯದ ರೈತ. ಸುದ್ದಿ ಅವನನ್ನು ಮುಟ್ಟಲು ಒಂದು ಸಂತೆ ಸಾಕಾಯಿತು. ನಾನು ಹುಡುಗಿಯನ್ನು ಶಾಲೆಗೆ ಕರೆದೊಯ್ಯಲೆಂದು ಹೋದ ದಿನ ಅವನು ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದ.

"ಅಕ್ಕಾ, ನಾ ಸತ್ತೀನೇನ? ನಾ ಇರಬೇಕಾದ್ರ ಸೊಲ್ಲಾಪುರದಾಂವ ಹೆಂಗ ಮಾವಾ ಆದ? ಊರಾಗ ಮಂದಿ ನನ್ನ ಮಾರಿ ನೋಡಿ ನಗಾಕತ್ತಾರ. ಆಷಾಢ ಹತ್ತೂದರೊಳಗ ಅಕ್ಕಿಕಾಳ ಬೀಳಬೇಕು. ಇಲ್ಲಾಂದ್ರ ನೀ ನನಗ ಅಕ್ಕ ಅಲ್ಲ, ನಾ ನಿನಗ ತಮ್ಮ ಅಲ್ಲ."

ಅಕ್ಕಿಕಾಳು ಎಂದರೆ ಲಗ್ನದ ಅಕ್ಷತೆ. ಆಷಾಢಕ್ಕೆ ದಿನ ಹೆಚ್ಚು ಉಳಿದಿರಲಿಲ್ಲ. ಸತ್ಯವ್ವ ಒಲೆಯ ಮುಂದೆ ಅಳುತ್ತಿದ್ದಳು, ಅವಳಿಗೆ ತವರು ಮುರಿಯುವ ಭಯ. ಹಣಮಪ್ಪ ನನ್ನ ಮುಖ ನೋಡಲಿಲ್ಲ. "ಆತ್ರಿ ಅಕ್ಕಾರ, ಸಾಲಿ ಸಾಕು. ಹೆಸರು ಕೆಡೂದರೊಳಗ ಮಾವನ ಕೈಗೆ ಕೊಟ್ಟು ಕೈ ತೊಳಕೊಂತೇನಿ" ಎಂದ. ನಾನು ಹೊರಬಂದಾಗ ರೇಣವ್ವ ಎಮ್ಮೆಯ ಮರೆಯಲ್ಲಿ ನಿಂತಿದ್ದಳು. ಅವಳಿಗೆ ಇದ್ದದ್ದು ಒಂದೇ ಪ್ರಶ್ನೆ. "ಅಕ್ಕಾರ, ಸಾಲಿ ಸುರು ಆತೇನ್ರಿ?" ಎಂದಳು. ಆಗಿದೆ ಎಂದೆ. ಅವಳು ಬುಟ್ಟಿ ಎತ್ತಿಕೊಂಡು ಹೋದಳು. ನನಗೆ ದುಃಖ ತಡೆಯಲಾಗಲಿಲ್ಲ, ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅತ್ತೆ.

ಕಚೇರಿಗೆ ಬಂದು ಸಾಹೇಬರಿಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು. "ರಾಮ ರಾಮ! ಮಾಮಾ ಜೊತೆ ಲಗ್ನವೇ!" ಎಂದು ಸ್ವಲ್ಪ ಹೊತ್ತು ಅದರಲ್ಲೇ ಇದ್ದರು. ಆಮೇಲೆ "ಹಾಗಾದರೆ ಸೀರೆ ವಾಪಸ್ಸು ತರುತ್ತೇನೆ" ಎಂದರು. ವಾಪಸ್ಸು ತಂದರೆ ನಿಶ್ಚಯ ಮುರಿದಂತೆ, ಹುಡುಗಿಯ ಹೆಸರು ಪೂರ್ತಿ ಕೆಡುತ್ತದೆ ಎಂದೆ. ಬೇರೆ ಯಾವ ಮೇಲಧಿಕಾರಿಯಾದರೂ "ನೀವು ಮೊದಲೇ ಹೇಳಬೇಕಿತ್ತು" ಎಂದು ನನ್ನ ಮೇಲೆ ಹಾಕುತ್ತಿದ್ದ. ದಾಮ್ಲೆ ಸಾಹೇಬರು ಕೋಟು ಹಾಕಿಕೊಂಡು "ಕೆಡಿಸಿದವನು ನಾನು. ಆ ಅಜ್ಜಿಯನ್ನೇ ಕೇಳೋಣ, ನಡೀರಿ" ಎಂದರು.

ಅವರು ಆಯಿಯ ಮುಂದೆ ನೆಲದ ಮೇಲೆ ಕೂತರು. ಆಯಿ ಎಲೆ ಅಡಿಕೆ ಕುಟ್ಟುತ್ತ ಕೇಳಿದಳು. ಸಾಹೇಬರ ಪುಸ್ತಕದ ಕನ್ನಡವನ್ನು ನಾನು ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಆಕೆ ನಗಲಿಲ್ಲ, ಬೈಯಲೂ ಇಲ್ಲ.

"ಸೀರಿ ಕಳಿಸಿದಾಂವಗ ಹೆಂಡ್ತಿ ಅದಾಳೇನ?"

"ಅದಾಳ್ರಿ ಆಯಿ. ಸೀರಿ ಆರಿಸಿದಾಕಿನೂ ಆಕೀನ ಅಂತ" ಎಂದೆ.

"ಹಂಗಾರ ಆಕಿನ್ನ ಕರಕೊಂಡು ಬರ್ರಿ. ಆಕಿ ನಮ್ಮ ಸತ್ಯವ್ವಗ ನೆಗೆಣ್ಣಿ ಆಗ್ಲಿ. ಹೆಂಡ್ರು ನೆಗೆಣ್ಣಿ ಆದ್ರ ಗಂಡಸರು ಅಣ್ತಮ್ಮರು ಆದ್ರಿಲ್ಲೊ? ಅಣ್ತಮ್ಮರಾದ ಮ್ಯಾಲ ಆ ಮನುಷ್ಯಾ ಹುಡುಗಿಗಿ ದೊಡ್ಡಪ್ಪಾ. ದೊಡ್ಡಪ್ಪನ ಕೂಡ ಯಾವ ಮುಕಳ್ಯಾಂವ ಲಗ್ನ ಮಾಡ್ತಾನ?"

ನೆಗೆಣ್ಣಿ ಎಂದರೆ ವಾರಗಿತ್ತಿ ಎಂದು ಬಿಡಿಸಿ ಹೇಳಿದೆ, ಕಡೆಯ ಮಾತನ್ನು ಮಾತ್ರ ನಾನು ಸಾಹೇಬರಿಗೆ ತಿರುಗಿಸಲಿಲ್ಲ. ಉಳಿದದ್ದು ಅವರಿಗೆ ತಿಳಿಯಿತು. ದಾನಿ ಹುಡುಗಿಯನ್ನು ಭೇಟಿಯಾಗಬಾರದೆಂಬ ನಿಯಮವನ್ನು ಪುಣೆಯವರೇ ಮಾಡಿದ್ದರು. ಸಾಹೇಬರು ಅದರ ಸುದ್ದಿಯನ್ನೇ ಎತ್ತದೆ, ಬಿಜಾಪುರಕ್ಕೆ ಹೋಗಿ ರೈಲು ಹತ್ತಿ ತಾವೇ ಸೊಲ್ಲಾಪುರಕ್ಕೆ ಹೋದರು. ಗಂಡ-ಹೆಂಡತಿಯನ್ನು ಕರೆದುಕೊಂಡೇ ಬಂದರು.

ದಾನಿಯ ಹೆಸರು ಅಂಬಾದಾಸ. ಬೆಳ್ಳಗಾದ ತಲೆ, ಕಿವಿಯಲ್ಲಿ ಕೂದಲು, ಕೈಯಲ್ಲಿ ಕೋಲು. ಬಸ್ಸಿನಿಂದ ಇಳಿದವರನ್ನು ನೋಡಿ ಊರ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಒಬ್ಬ ಕುಚೇಷ್ಟೆಯವನು "ಎರಡನೇದಾಕಿನ್ನ ನೋಡಾಕ ಮೊದಲನೇದಾಕಿನ್ನ ಕರಕೊಂಡು ಬಂದಾನಲೇ" ಎಂದದ್ದು ನನಗೂ ಕೇಳಿಸಿತು. ಹೆಂಡತಿ ಶಾಂತಾಬಾಯಿ ಭಾರಿ ಆಳು, ದೊಡ್ಡ ಕುಂಕುಮ. ಜಾತಿ ಬೇರೆ, ಮನೆಮಾತು ಬೇರೆ. ಆದರೆ ಗಡಿಯ ಊರಿನವಳಾದ್ದರಿಂದ ಕನ್ನಡ ನೀರು ಕುಡಿದಂತೆ ಬರುತ್ತಿತ್ತು. ದಾರಿಯಲ್ಲಿ ಸಾಹೇಬರು ಎಲ್ಲ ಹೇಳಿದ್ದರು. ಆಕೆಗೆ ಕಣ್ಣಲ್ಲಿ ನೀರು ಬರುವಷ್ಟು ಪೇಚಾಟವಾಗಿತ್ತು. "ನನಗ ಬರೇ ಗಂಡು ಹುಡುಗ್ರು ಬಾಯಿ. ಹೆಣ್ಣುಮಗಳಿಗೆ ಒಂದು ಸೀರಿ ಆರಿಸೂ ಆಸೆ ಇತ್ತು. ಹಸಿರು ಚೊಲೋ ಕಾಣಸ್ತು, ತಗೊಂಡೆ" ಎಂದಳು ನನಗೆ.

ಮನೆಯ ಮುಂದೆ ಊರಿಗೆ ಊರೇ ಸೇರಿತ್ತು. ಬಾಳಪ್ಪ ಕಟ್ಟೆಯ ತುದಿಯಲ್ಲಿ ಕೈ ಕಟ್ಟಿ ಕೂತಿದ್ದ. ಬಂದ ಅತಿಥಿಗಳಿಗೆ ಆಯಿ ನೀರು ಕೊಡಲಿಲ್ಲ, ಕಂಬಳಿ ಹಾಸಲಿಲ್ಲ. ಹೊಸ್ತಿಲಲ್ಲಿ ನಿಂತು ಶಾಂತಾಬಾಯಿಯನ್ನು ಮೇಲೆ ಕೆಳಗೆ ನೋಡಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

"ಹಿರೇ ಸೊಸಿ ಇವತ್ತ ಬಂದಾಳ. ಬಾ ಒಳಗ, ಒಲಿ ಮುಂದ ಕುಂಡ್ರು. ನಿನ್ನ ಮೈದುನಗ ಹಸಿವಾಗೈತಿ."

ಸೊಲ್ಲಾಪುರದಲ್ಲಿ ಆಳುಕಾಳು ಇಟ್ಟುಕೊಂಡ ಸಾಹುಕಾರ್ತಿ ಅವಳು. ಶಾಂತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಯಿಯ ಕಾಲು ಮುಟ್ಟಿ, ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಜೋಳದ ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸಪ್ಪಳ ಅಂಗಳಕ್ಕೆ ಬಂತು. ಹೆಂಗಸರೆಲ್ಲ ಬಾಗಿಲಲ್ಲಿ ತಲೆ ಹಾಕಿ ನೋಡಿದರು. ಸಪ್ಪಳ ಒಂದೇ ಸಮನೆ ಬರುತ್ತಿತ್ತು, ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಒಬ್ಬಾಕೆ "ಕೈ ಖರೇ ಐತಿ" ಎಂದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಕಡೆ ಇಲ್ಲ.

ಆಮೇಲೆ ಶಾಂತಾಬಾಯಿ ಆ ಹಸಿರು ಸೀರೆಯನ್ನು ತರಿಸಿ, ತನ್ನ ಕೈಯಾರೆ ಸತ್ಯವ್ವನ ಮಡಿಲಿಗಿಟ್ಟು, ಖಣ, ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದಳು. "ನೆಗೆಣ್ಣಿಗೆ ತಂದ ಸೀರಿ ಇದು. ಟಪಾಲಿನಾಗ ತಪ್ಪಿ ಹುಡುಗಿ ಕೈಯಾಗ ಹೋಗಿತ್ತು" ಎಂದಳು. ಹೊರಗೆ ಗಂಡಸರು ಊಟಕ್ಕೆ ಕೂತರು. ಹಣಮಪ್ಪ ತಟ್ಟೆಗೆ ಕೈ ಹಚ್ಚದೆ ಸುಮ್ಮನೆ ಕೂತಿದ್ದ. ಯಾಕೆ ಎಂದು ನನಗೆ ಮೊದಲು ಹೊಳೆಯಲಿಲ್ಲ. ಅಂಬಾದಾಸರು ಮೊದಲ ತುತ್ತು ಬಾಯಿಗೆ ಹಾಕಿದ ಮೇಲೆ ಇವನು ತಿನ್ನತೊಡಗಿದ. ಅಣ್ಣ ಉಣ್ಣದೆ ತಮ್ಮ ಉಣ್ಣುವುದಿಲ್ಲ. ಅದನ್ನು ಇಡೀ ಊರು ನೋಡಿತು.

ಇಲ್ಲಿಗೆ ಹೆಸರು ಉಳಿಯಿತು, ಶಾಲೆ ಉಳಿದಿರಲಿಲ್ಲ. ಊಟ ಮುಗಿಯುತ್ತಲೇ ಬಾಳಪ್ಪ ಎದ್ದ. "ಚೊಲೋ ಆತು. ಅಡಚಣಿ ಹ್ವಾತು. ಹಿರ್ಯಾರೆಲ್ಲಾ ಇಲ್ಲೇ ಅದೀರಿ, ನಂದೂ ಒಂದು ಮುಹೂರ್ತ ನೋಡಿ ಬಿಡ್ರಿ" ಎಂದ. ಹಿರಿಯರು ತಲೆಯಾಡಿಸತೊಡಗಿದರು. ಅವನ ಹಕ್ಕು ಅವನು ಕೇಳುತ್ತಿದ್ದ. ರೇಣವ್ವ ಒಳಗೆ ಗೋಡೆಗೆ ಒರಗಿ ನಿಂತಿದ್ದಳು.

ಒಲೆಯ ಮುಂದಿನಿಂದ ಶಾಂತಾಬಾಯಿಯ ದನಿ ಬಂತು. "ಯಾರ ಮನಿ ಹುಡುಗಿ ಅದು? ಮನಿ ಹಿರೇ ಸೊಸಿ ನಾ ಇಲ್ಲಿ ಕುಂತೇನಿ. ನನ್ನ ಒಂದು ಮಾತು ಕೇಳದ ಮುಹೂರ್ತ ಹೆಂಗ ನೋಡ್ತೀರಿ?"

ಆಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನಾ ಆಕಿ ದೊಡ್ಡವ್ವ. ಮ್ಯಾಟ್ರಿಕ್ ಆಗೂತನಾ ನಮ್ಮ ಹುಡುಗಿನ್ನ ನಾವು ಕೊಡಂಗಿಲ್ಲ. ಆದ ಮ್ಯಾಲೂ ಆಕಿನ್ನ ಕೇಳಿ ಕೊಡ್ತೇವಿ."

ಬಾಳಪ್ಪ ಹಿರಿಯರ ಕಡೆ ನೋಡಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗತಾನೇ ಅವರೆಲ್ಲರ ಕಣ್ಣ ಮುಂದೆ ಆಕೆ ದೊಡ್ಡವ್ವ ಆಗಿದ್ದಳು, ಅವಳ ರೊಟ್ಟಿ ತಿಂದ ಬಾಯಿ ಇನ್ನೂ ತೊಳೆದಿರಲಿಲ್ಲ. ಗೌಡರು ಕೆಮ್ಮಿ "ಖರೇ ಐತಿ. ದೊಡ್ಡಪ್ಪ ದೊಡ್ಡವ್ವ ಒಲ್ಲೆ ಅಂದ್ರ ಹೆಂಗ ಕೊಡಾಕ ಬರ್ತೈತಿ?" ಎಂದರು. "ಅಲ್ಲೀತನಾ ನಾ ಕಾಯಬೇಕೇನ್ರಿ?" ಎಂದ ಬಾಳಪ್ಪ. "ಕಾಯಬ್ಯಾಡಪಾ" ಎಂದಳು ಆಯಿ, ಬಹಳ ಮೆತ್ತಗೆ. "ನಿನಗೇನು ಕಡಿಮಿ ಐತಿ? ಚೊಲೋ ಹುಡುಗಿ ನೋಡಿ ನಾನ ಮಾಡ್ತೇನಿ." ಹೇಳಿದಂತೆ ಮಾಡಿದಳು ಕೂಡ. ಮರುವರ್ಷ ಇಂಗಳೇಶ್ವರ ಕಡೆಯ ಹುಡುಗಿಯ ಜೊತೆ ಬಾಳಪ್ಪನ ಲಗ್ನವಾಯಿತು. ನಾನೂ ಸಾಹೇಬರೂ ಹೋಗಿ ಹೋಳಿಗೆ ಉಂಡು ಬಂದೆವು. ಬಾಳಪ್ಪನೇ ತುಪ್ಪ ಬಡಿಸಿದ. ಮನುಷ್ಯ ಕೆಟ್ಟವನಲ್ಲ, ಅವನನ್ನು ಸುಮ್ಮನೆ ಜಗ್ಗಿ ತಂದಿದ್ದೆವು.

ಶಾಂತಾಬಾಯಿ ಬಂದ ದಿನದ ಸಂಜೆಯೇ ರೇಣವ್ವ ನನ್ನ ಜೊತೆ ಮುದ್ದೇಬಿಹಾಳದ ಬಸ್ಸು ಹತ್ತಿದಳು. ಮರುದಿನ ಎಂಟನೆಯ ಇಯತ್ತೆಯಲ್ಲಿ ಕೂತಳು.

ಆಮೇಲೆ ಸಾಹೇಬರು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟರು. ಪಾರ್ಸೆಲ್ಲು ಬಂದರೆ ಮೊದಲು ನನ್ನಿಂದ ಬಿಚ್ಚಿಸುತ್ತಿದ್ದರು. ಹತ್ತಿರದ ದಾನಿಗಳಿಗೆಲ್ಲ ಒಂದೇ ಕರಾರು: ವರ್ಷಕ್ಕೊಮ್ಮೆಯಾದರೂ ಬಂದು ಹುಡುಗಿಯ ಮನೆಯಲ್ಲಿ ಉಣ್ಣಬೇಕು, ಮನೆಯವರು ಯಾವ ಸಂಬಂಧ ಕೊಡುತ್ತಾರೋ ಅದನ್ನು ಒಪ್ಪಬೇಕು. ನಾಲತವಾಡದ ಒಂದು ಮುಸ್ಲಿಂ ಮನೆಯಲ್ಲಿ ಹುಬ್ಬಳ್ಳಿಯ ಡಾಕ್ಟರೊಬ್ಬರು ನಾನಾ ಆದರು, ಅಜ್ಜನಾಗಿ ಈದಿಗೆ ತಪ್ಪದೆ ಬಂದರು. ಪುಣೆಯಿಂದ ಬಂದ ತಪಾಸಣೆಯವರು ಇದೆಲ್ಲ ನಿಯಮಕ್ಕೆ ವಿರುದ್ಧ ಎಂದು ಮುಖ ಗಂಟಿಕ್ಕಿದರು. "ದಾನಿ ಯಾರು ಎಂದು ಗೊತ್ತಿಲ್ಲದ ಮನೆ ಹುಡುಗಿಯನ್ನು ಹೇಗೆ ಕಳಿಸೀತು? ನಿಮ್ಮ ಮಗ್ಗುಲು ಮನೆಯವರನ್ನೇ ನೀವು ನಂಬುವುದಿಲ್ಲ" ಎಂದರು ಸಾಹೇಬರು, ತಮ್ಮ ಪುಸ್ತಕದ ಕನ್ನಡದಲ್ಲೇ. ಬಂದವರೂ ಸಾಹೇಬರೂ ಮರಾಠಿಯವರೇ. ಸಿಟ್ಟಿನಲ್ಲಿ ಸಾಹೇಬರಿಗೆ ಕನ್ನಡ ಬಂದಿತ್ತು. ಅದನ್ನು ನೆನೆದರೆ ನನಗೆ ಈಗಲೂ ಖುಷಿ. ಹೊಸಬರಿಗೆ ನಾನು ಹೇಳುವುದೂ ಅಷ್ಟೇ. ನೀವು ಒಯ್ಯುವ ನೆರವು ಒಳ್ಳೆಯದೇ ಇರಬಹುದು. ಅದನ್ನು ಯಾರಾಗಿ ಕೊಡುತ್ತೀರಿ ಎಂದು ಆ ಮನೆಯವರು ಕೇಳಿಯೇ ಕೇಳುತ್ತಾರೆ.

ರೇಣವ್ವ ಹತ್ತನೆಯ ಇಯತ್ತೆಯಲ್ಲಿದ್ದಾಗ, ಪರೀಕ್ಷೆಗೆ ಕೆಲವು ತಿಂಗಳು ಇರುವಾಗ, ಅಂಬಾದಾಸರು ತೀರಿಕೊಂಡ ಸುದ್ದಿ ಕಚೇರಿಗೆ ತಡವಾಗಿ ಬಂತು. ಅಂಗಡಿಯ ವ್ಯಾಪಾರ ಆಗ ಇಳಿಮುಖದಲ್ಲಿತ್ತು, ಇನ್ನು ಮುಂದೆ ಹಣ ಕೊಡಲಾಗದು ಎಂದು ಅವರ ಮಕ್ಕಳು ಹೇಳಿ ಕಳಿಸಿದ್ದರು. ದಾನಿ ಹೋದರೆ ಬೇರೆ ದಾನಿ ಸಿಗುವವರೆಗೆ ಹುಡುಗಿಯ ಖರ್ಚು ನಿಲ್ಲಿಸಬೇಕು. ಪುಣೆಯ ನಿಯಮಗಳಲ್ಲಿ ಇದೊಂದನ್ನು ಸಾಹೇಬರಿಗೂ ಮುರಿಯಲಾಗಲಿಲ್ಲ. ಪರೀಕ್ಷೆಯ ಹೊತ್ತಿಗೆ ಹೊಸ ದಾನಿ ಸಿಗುವ ಭರವಸೆ ನನಗಿರಲಿಲ್ಲ. ಈ ಎರಡು ಸುದ್ದಿಗಳನ್ನು ಹೊತ್ತು ಆ ಊರಿಗೆ ಹೋದೆ. ಯಾವುದನ್ನು ಮೊದಲು ಹೇಳಲಿ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ.

ಅಂಗಳದಲ್ಲಿ ಹಣಮಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ನನ್ನ ಕಡೆ ತಿರುಗಿದ. ತಲೆ ಬೋಳಿಸಿದ್ದ, ಮೀಸೆ ಇರಲಿಲ್ಲ. ಆಯಿ ಹೋದಳು ಎಂದುಕೊಂಡು ಒಳಗೆ ನೋಡಿದರೆ, ಆಯಿ ಕಂಬಕ್ಕೆ ಒರಗಿ ಕೂತಿದ್ದಳು.

"ಯಾರು ಹೋದ್ರೋ ಹಣಮಪ್ಪ?" ಎಂದೆ.

"ನಮ್ಮ ಅಣ್ಣಾರು ಹೋದ್ರಲ್ರಿ ಅಕ್ಕಾರ, ಸೊಲ್ಲಾಪುರದಾಗ" ಎಂದ. "ಶಾಂತಾಬಾಯಿ ವೈನಿ ಆಳಿನ ಕೈಲೆ ಹೇಳಿ ಕಳಿಸಿದ್ದರು. ಮಣ್ಣಿಗಿ ಹೋಗಿ ಬಂದೇನಿ. ನಿನ್ನೆ ಸೂತಕ ಕಳೀತು."

ಹೇಳಲೇಬೇಕಾದ್ದರಿಂದ ಖರ್ಚು ನಿಲ್ಲುವ ವಿಷಯ ಹೇಳಿದೆ. ಹೊಸ ದಾನಿಯನ್ನು ಹುಡುಕುತ್ತೇವೆ, ಧೈರ್ಯಗೆಡಬೇಡ ಎಂದೆ. ಮಗಳ ಹೆಸರಿನಲ್ಲಿ ಮಂದಿಯ ರೊಕ್ಕ ಮುಟ್ಟುವುದಿಲ್ಲ ಎಂದಿದ್ದ ಮನುಷ್ಯ ಮೇವಿನ ಹೊರೆ ಕೆಳಗಿಟ್ಟು ಕೈ ಝಾಡಿಸಿಕೊಂಡ.

"ಹೊಸಬರನ್ನ ಯಾಕ ಹುಡುಕ್ತೀರಿ? ಅಣ್ಣ ಹೋದ್ರ ಅವನ ಹೊಣಿ ತಮ್ಮನ ಮ್ಯಾಲ ಬರ್ತೈತಿ. ನಾ ಅದೇನಲ್ರಿ. ಆಕಿ ಮ್ಯಾಟ್ರಿಕ್ ನಾ ಮುಗಸ್ತೇನಿ."

ಮರುದಿನ ಮುದ್ದೇಬಿಹಾಳದ ಹುಡುಗಿಯರ ಮನೆಯ ಮುಂದೆ ಒಂದು ಚಕ್ಕಡಿ ಬಂದು ನಿಂತಿತು. ಹಣಮಪ್ಪ ಜೋಳದ ಚೀಲವನ್ನು ಬೆನ್ನ ಮೇಲೆ ಹೊತ್ತು ಒಳಗೆ ತಂದು ಇಳಿಸಿದ. ರೇಣವ್ವ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಓದು" ಎಂದಷ್ಟೇ ಹೇಳಿ ಚಕ್ಕಡಿ ಹೊಡೆದುಕೊಂಡು ಹೋದ.